ನಾಲ್ಕು ಬೆರಳು ಕಮ್ಮಿ

ಸಿದ್ದರಾಮು ಇಪ್ಪತ್ತೆಂಟು ವರ್ಷ ಮಂಡ್ಯದಲ್ಲಿ ಬೆಲ್ಲ ತೂಗಿದವನು. ಬೆಲ್ಲಕ್ಕಿಂತ ಹೆಚ್ಚಾಗಿ ಗೋಣಿಚೀಲ ತೂಗಿದವನು ಎಂದು ಅವನಿಗೆ ಬೆಲ್ಲ ಹಾಕುತ್ತಿದ್ದ ರೈತರು ಹೇಳುತ್ತಾರೆ. ಮುಕ್ಕಾಲು ಕೆಜಿ ಗೋಣಿಗೆ ಅವನು ತೂಕದಲ್ಲಿ ಕಳೆಯುತ್ತಿದ್ದುದು ಒಂದು ಕೆಜಿ. ಕೇಳಿದರೆ, "ಗೋಣಿ ತ್ಯಾವ ಕುಡ್ದದೆ ಕಣ್ಲಾ" ಎನ್ನುತ್ತಿದ್ದ. ಆ ಗೋಣಿ ಬೇಸಿಗೆಯಲ್ಲೂ ಕುಡಿಯುತ್ತಿತ್ತು.

ಮಂಡಿನೋವು ಶುರುವಾದ ಮೇಲೆ ಬೆಲ್ಲ ಬಿಟ್ಟು, ಹಲಗೂರಿನಾಚೆ ಗವಿಯಕ್ಕನ ಬೆಟ್ಟದ ಬುಡದಲ್ಲಿ ಮಜ್ಜಿಗೆ, ಎಳನೀರು, ವಡೆಯ ಅಂಗಡಿ ಹಾಕಿದ. ಗಿರಾಕಿಗಳನ್ನು ಕಳಿಸುತ್ತಿದ್ದುದು ಒಂದು ಪುಸ್ತಕ. ಅದರಲ್ಲಿ ಚಾರಣಿಗರ ಸಂಘವೊಂದು ಬೆಟ್ಟಗಳ ಪಟ್ಟಿ ಮಾಡಿತ್ತು. ಅವನ್ನೆಲ್ಲ ಹತ್ತಿ ಮುಗಿಸುವುದು ಕೆಲವರಿಗೆ ವ್ರತ. ಸಿದ್ದರಾಮು ಮಾತ್ರ ಒಮ್ಮೆಯೂ ಹತ್ತಿದವನಲ್ಲ. "ಮ್ಯಾಕೆ ಓದೋರು ಕೆಳಕ್ಕೆ ಬರ್ಲೇಬೇಕಲ್ಲ. ನಾನು ಇಲ್ಲೇ ಇರ್ತೀನಿ ಬುಡು."

ಹೋದ ವರ್ಷ ಆ ಸಂಘದ ಮೇಧಾ ಬಂದಳು. ಮಂಡ್ಯದ ಕಾಲೇಜೊಂದರಲ್ಲಿ ಭೂಗೋಳ ಹೇಳಿಕೊಡುವವಳು. ಹಳೆಯ ನಕ್ಷೆ ನಂಬಿ ಮಾಡಿದ ಪಟ್ಟಿಯನ್ನು ಉಪಗ್ರಹದಿಂದ ಅಳೆಯುವ ಯಂತ್ರ ಹಿಡಿದು ತಿದ್ದುತ್ತಿದ್ದಳು. ಯಂತ್ರದ ಕೋಲನ್ನು ಬೆಟ್ಟದ ನೆತ್ತಿಯಲ್ಲಿ ಒಂದು ಗಂಟೆ ನಿಲ್ಲಿಸಿದಳು. ಪಕ್ಕದ ಬೆಟ್ಟಕ್ಕೂ ಇದಕ್ಕೂ ನಡುವಿನ ಗಾಡಿಕಣಿವೆಯಲ್ಲಿ ಇನ್ನೊಂದು ಗಂಟೆ. ಕಣಿವೆಯಿಂದ ನೆತ್ತಿಗೆ ನೂರು ಮೀಟರು ಇದ್ದರೆ ಬೆಟ್ಟ, ಇಲ್ಲದಿದ್ದರೆ ಗುಡ್ಡ. ಗುಡ್ಡಗಳಿಗೆ ಪಟ್ಟಿಯಲ್ಲಿ ಜಾಗವಿಲ್ಲ.

"ತೊಂಬತ್ತೊಂಬತ್ತು ಮೀಟರು ನಲವತ್ತು ಸೆಂಟಿಮೀಟರು" ಎಂದಳು, ಮಜ್ಜಿಗೆ ಲೋಟ ಕೆಳಗಿಡುತ್ತ.

ಸಿದ್ದರಾಮುವಿಗೆ ಭಾನುವಾರಗಳೆಲ್ಲ ಕಣ್ಣೆದುರಿಗೆ ಖಾಲಿಯಾದವು. "ತೊಂಬತ್ತೊಂಬತ್ತೂವರೆ ಅಂದ್ರೆ ನೂರೇ ಕಣವ್ವ!"

"ನೀವು ತೊಂಬತ್ತೊಂಬತ್ತೂವರೆ ಕೆಜಿ ಬೆಲ್ಲಕ್ಕೆ ನೂರರ ದುಡ್ಡು ಕೊಡ್ತಿದ್ರಾ?"

ಅಂಗಡಿಗೆ ಮೊಸರು ಹಾಕುವ ಯಶೋದಮ್ಮ, ಹಿಂದೆ ಆಲೆಮನೆ ನಡೆಸಿ ಅವನಿಗೇ ಬೆಲ್ಲ ಮಾರಿದವಳು, ಬಾಗಿಲಲ್ಲಿ ಕೂತು ನಕ್ಕಳು. "ತೊಂಬತ್ತೆಂಟರದು ಕೊಡ್ತಿದ್ದ ಕಣವ್ವ."

ಅವನಿಗೆ ನಗು ಕೇಳಿಸಲಿಲ್ಲ. ಇಡೀ ಬೆಟ್ಟಕ್ಕೆ ಎರಡಡಿ ಎಲ್ಲಿ ಸೋರಿಹೋಯಿತು ಎಂಬ ಕುತೂಹಲ ಹತ್ತಿಬಿಟ್ಟಿತ್ತು. "ಕಣಿವೇಲಿ ಕೋಲು ಎಲ್ಲಿಕ್ಕಿದ್ರಿ?"

"ರಸ್ತೆ ಪಕ್ಕ, ಮಣ್ಣಿನ ಮೇಲೆ."

ಆ ರಸ್ತೆ ತನ್ನ ಅರ್ಜಿಯಿಂದ ಬಂತೆಂದು ಹನ್ನೆರಡು ವರ್ಷದಿಂದ ಕಂಡವರಿಗೆಲ್ಲ ಹೇಳಿದವನು ಅವನೇ. ಬಂಡೆ ಮೇಲೆ ಸ್ಕೂಟರು ಜಾರುತ್ತದೆಂದು ಅಲ್ಲಿಗೆ ಮಣ್ಣು ಹೊಡೆಸಿದವನೂ ಅವನೇ.

"ಅದು ಗೋಣಿ ಕಣವ್ವ!" ಎಂದು ಎದ್ದು ನಿಂತ. "ಬೆಟ್ಟ ಕುಗ್ಗಿಲ್ಲ, ಕಣಿವೆ ಎದ್ದದೆ. ಆ ಮಣ್ಣು ನಾವು ಸುರ್ದಿದ್ದು. ಬೆಲ್ಲ ತೂಗುವಾಗ ಗೋಣಿ ಕಳೆಯಕಿಲ್ವ?"

ಮೇಧಾ ಯೋಚಿಸಿದಳು. ಮನುಷ್ಯರು ತುಂಬಿದ ಮಣ್ಣಾಗಲಿ ತೋಡಿದ ಗುಂಡಿಯಾಗಲಿ ಲೆಕ್ಕಕ್ಕಿಲ್ಲ, ಮೂಲದ ನೆಲ ತೋರಿಸಿದರೆ ಮತ್ತೆ ಅಳೆಯುತ್ತೇನೆ ಎಂದಳು.

"ಗೋಣಿ ಎಷ್ಟು ಕಳೀತೀಯಣ್ಣ? ಗುದ್ದಲಿ ನಿನ್ ಕೈಲಿದ್ರೆ ಪಾತಾಳಕ್ಕೇ ಓಯ್ತೀಯ" ಎಂದು ಯಶೋದಮ್ಮ ಕ್ಯಾನು ಹಿಡಿದು ಹಿಂದೆಯೇ ಬಂದಳು, ಕಾವಲಿಗೆ.

ಟಾರಿನಿಂದ ಮಾರುದೂರ ಬಿಟ್ಟು ಅಗೆದರು. ಮಂಡಿನೋವು ಮರೆತು ಅರ್ಧ ಗುಂಡಿ ಅವನೇ ತೆಗೆದ. ಒಂದೂಮುಕ್ಕಾಲು ಅಡಿಗೆ ಗುದ್ದಲಿ ಠಣ್ ಎಂದಿತು. ಮಣ್ಣು ಬಳಿದರೆ ಬಂಡೆ. ಬಂಡೆಯ ಮೇಲೆ ಅಂಗೈ ಅಗಲದ ಉದ್ದನೆಯ ಗೀರು, ನಾಲ್ಕು ಬೆರಳಿಗೂ ಮಿಗಿಲು ಆಳ. ಎಷ್ಟು ತಲೆಮಾರಿನ ಗಾಡಿಚಕ್ರ ಸವೆಸಿದ ಜಾಡೋ! ಮೂವರೂ ಬಗ್ಗಿ ಬೆರಳಾಡಿಸಿ ನೋಡಿದರು.

ಮೇಧಾ ಬಂಡೆಯ ಮೇಲೆ ಕೋಲಿಟ್ಟು ಕಾದಳು. "ಈಗ ತೊಂಬತ್ತೊಂಬತ್ತು ತೊಂಬತ್ತೆರಡು. ಎಂಟು ಸೆಂಟಿಮೀಟರು ಕಮ್ಮಿ."

ಅಂದರೆ ನಾಲ್ಕು ಬೆರಳು. ಕೋಲನ್ನು ಪಕ್ಕದ ಜಾಡಿಗೆ ಇಳಿಸಿದರೆ ನೂರು ದಾಟುತ್ತಿತ್ತು. ಸಿದ್ದರಾಮು ಜಾಡನ್ನು ನೋಡಿದ. ಕೋಲನ್ನು ನೋಡಿದ. ಮೇಧಾ ಅವನನ್ನೇ ಕೇಳಿದಳು: "ಈ ಜಾಡು ಬಂಡೆಯದೇ, ಇಲ್ಲ ಜನ ಮಾಡಿದ್ದಾ?"

ಬಂಡೆ ಮೊದಲಿಂದ ಹಾಗೇ ಸೀಳಿತ್ತು ಅಂದುಬಿಟ್ಟರೆ ಮುಗಿಯಿತು. ಅವನ ಬಾಯಿ ತೆರೆದೂ ಆಗಿತ್ತು. ಯಶೋದಮ್ಮ ತಣ್ಣಗೆ ಅಂದಳು, "ಯೋಳಣ್ಣ. ಬಂಡೆ ತ್ಯಾವ ಕುಡ್ದು ಸೀಳ್ತು ಅಂತ ಯೋಳು."

ಅವನು ಗುದ್ದಲಿ ಕೆಳಗಿಟ್ಟ. "ಗಾಡಿ ಜಾಡು ಕಣವ್ವ. ನಮ್ಮಪ್ಪನ ಗಾಡೀನೂ ಓಡಾಡ್ಯದೆ ಇದ್ರ ಮ್ಯಾಲೆ. ಬಂಡೆ ಮ್ಯಾಲೇ ಇರ್ಲಿ ನಿಮ್ ಕೋಲು."

ಗವಿಯಕ್ಕನ ಬೆಟ್ಟ ಗುಡ್ಡವಾಯಿತು. ಮೂರು ಭಾನುವಾರ ಮಜ್ಜಿಗೆ ಹುಳಿಯಿತು. ನಾಲ್ಕನೆಯ ವಾರ ಮಳವಳ್ಳಿಯಿಂದ ಒಂದು ಬೋರ್ಡು ಬರೆಸಿ ತಂದು ಅಂಗಡಿಯ ನೆತ್ತಿಗೆ ಹೊಡೆದ: "ಗವಿಯಕ್ಕನ ಗುಡ್ಡ. ಬೆಟ್ಟವಾಗಲು ನಾಲ್ಕೇ ಬೆರಳು ಕಮ್ಮಿ. ಅಳೆದು ನೋಡಿ." ನೂರಾರು ಬೆಟ್ಟ ಹತ್ತಿದವರಿಗೂ ಕೂದಲೆಳೆಯಲ್ಲಿ ತಪ್ಪಿದ್ದನ್ನು ನೋಡುವ ಚಪಲ. ಬರತೊಡಗಿದರು. ಜಾಡಿನೊಳಗೆ ಬೆರಳಿಟ್ಟು ಫೋಟೋ ತೆಗೆಸಿಕೊಂಡು, ಬಾಯಾರಿ ಅಂಗಡಿಗೆ ಬಂದರು.

ಮೊಸರು ಸಾಲದೆ ಯಶೋದಮ್ಮ ದೊಡ್ಡ ಕ್ಯಾನು ತಂದಳು. ಸಿದ್ದರಾಮು ಮೊಸರು ಸುರಿದುಕೊಂಡು ಖಾಲಿ ಕ್ಯಾನನ್ನೂ ತಕ್ಕಡಿಗಿಟ್ಟು, ಬಂದ ತೂಕವನ್ನಷ್ಟೇ ಕಳೆದ.

"ಯಾಕಣ್ಣ, ಕ್ಯಾನು ತ್ಯಾವ ಕುಡ್ದಿಲ್ವ?"

"ಸ್ಟೀಲು ಕಣಮ್ಮ" ಎಂದ ಅವನು, ಮುಖ ಎತ್ತದೆ. "ಅದು ಕುಡಿಯಕಿಲ್ಲ."