ಪಾಲಕೋಡಿಗೆ ಹೋಗಿ ಬರುವಷ್ಟು

ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಎಲ್ಲಿ ಕೂತರೂ ಮನಸ್ಸು ಒಂದು ಚಾರ್ಜಿಗೆ ಎಷ್ಟು ಓಡೀತೆಂದು ಕಿಲೋಮೀಟರು ಎಣಿಸುತ್ತದೆ. ಸೇಲಂನಲ್ಲಿ ಆಫೀಸು, ತರಕಾರಿ ಅಂಗಡಿ, ಆಗೊಂದು ಈಗೊಂದು ಮದುವೆ ಮಂಟಪ, ಇಷ್ಟೇ ನನ್ನ ಸಂಚಾರ. ಆದರೂ ದೇಶ ಸುತ್ತುವವನ ಹಾಗೆ ರೇಂಜು, ರೇಂಜು ಎಂದು ಕನವರಿಸಿದೆ.

ನಿಜ ಹೇಳಬೇಕೆಂದರೆ ನಮಗಿದ್ದ ದೂರದ ಊರು ಪಾಲಕೋಡು ಒಂದೇ. ಅಲ್ಲಿ ನನ್ನ ಅಕ್ಕ ಇದ್ದಾಳೆ. ಭಾವ ಪಾರ್ಶ್ವವಾಯು ಹೊಡೆದು ಮಲಗಿದ ಮೇಲೆ ಅವಳು ಅವರನ್ನು ಬಿಟ್ಟು ಎಲ್ಲಿಗೂ ಹೋದವಳಲ್ಲ. ನೋಡಬೇಕೆಂದರೆ ನಾವೇ ಹೋಗಬೇಕು. ಚಿಕ್ಕ ಬ್ಯಾಟರಿಯಾದರೆ ಅಲ್ಲಿ ಚಾರ್ಜಿಗೆ ಹಾಕದೆ ವಾಪಸು ಬರಲಾಗದು. ದೊಡ್ಡದಾದರೆ ಹೋಗಿ ಬಂದರೂ ಮಿಗುತ್ತದೆ.

ಫೋನಿನಲ್ಲಿ ಅಕ್ಕನನ್ನೇ ಕೇಳಿದೆ.

"ಕಮ್ಮಿ ಓಡೋದ್ನೇ ತಗಳಲಾ" ಎಂದಳು. "ಚಾರ್ಜ್ ಏರೋಗಂಟ ಆದ್ರೂ ಕೂತಿರ್ತೀಯ. ಬಂದೇಟ್ಗೇ ಗಡಿಯಾರ ನೋಡ್ತೀಯ ನೀನು."

ತಮಾಷೆ ಎಂದುಕೊಂಡು ನಕ್ಕೆ. ಅವಳೂ ನಕ್ಕಳು.

ನನ್ನ ಹೆಂಡತಿ ಸುಜಾತ ನಗಲಿಲ್ಲ. "ದಾರೀಲಿ ತೊಪ್ಪೂರು ಗಾಟ್ ಏರೋವಾಗ ನಿಂತೋದ್ರೆ ತಳ್ತೀರಾ?" ಎಂದಳು. ನನ್ನ ಸೊಂಟದ ಸ್ಥಿತಿ ನೆನೆದು ದೊಡ್ಡ ಬ್ಯಾಟರಿಯದನ್ನೇ ತಂದೆವು.

ಮೊದಲ ಪ್ರಯಾಣ ಪಾಲಕೋಡಿಗೇ. ಅಕ್ಕ ಆರತಿ ಎತ್ತಿದಳು. ಭಾವ ಕಿಟಕಿಯಿಂದಲೇ ಕಾರು ನೋಡಿ ಕಣ್ಣರಳಿಸಿದರು. ಊಟವಾಯಿತು, ಕಾಫಿಯಾಯಿತು, ನಾನು ಗಡಿಯಾರ ನೋಡಿದೆ. ಸುಜಾತ ಚೀಲ ಎತ್ತಿಕೊಂಡಳು.

"ಇರ್ರಿ, ಒಂದು ತೋರಿಸ್ತೀನಿ" ಎಂದು ಅಕ್ಕ ಗೇಟಿನ ಬಳಿ ಕರೆದೊಯ್ದಳು. ಗೋಡೆಗೆ ಹೊಸ ಪ್ಲಗ್ ಪಾಯಿಂಟು. ನೀರು ಬೀಳದಂತೆ ಅದಕ್ಕೊಂದು ಮುಚ್ಚಳ. ಸುತ್ತಲಿನ ಸಿಮೆಂಟು ಇನ್ನೂ ಹಸಿಬಣ್ಣ. "ಕಾರ್‌ಗೇ ಅಂತ ಆಳ್ ಕರ್ಸಿ ಆಕ್ಸಿದೆ. ವೈರ್ ಸಿಕ್ಕ್ಸು, ಚಾರ್ಜ್ ತುಂಬ್ಲಿ. ರಾತ್ರಿ ರಾಗಿ ಮುದ್ದೆ ಉಂಡು ಒಂಟ್ರಾಯ್ತು."

ನಾನು ಬಾಯಿ ತೆರೆಯುವ ಮೊದಲೇ ಸುಜಾತ ಅಂದಳು: "ಬ್ಯಾಡ ಅಕ್ಕ, ಇನ್ನೂ ಬೇಕಾದಷ್ಟೈತೆ." ಸುಳ್ಳಲ್ಲ. ಕಾರಿನ ಪರದೆಯ ಮೇಲೆ ಚಾರ್ಜಿನ ಅಂಕಿ ಕೊಬ್ಬಿ ಕೂತಿತ್ತು.

"ಓ, ಬೇಕಾಗಿಲ್ವಾ?" ಅಕ್ಕ ಮುಚ್ಚಳ ಹಾಕಿದಳು. "ಪರವಾಯಿಲ್ಲ ಬುಡು, ಗ್ರೈಂಡರ್‌ಗಾಯ್ತದೆ."

ಗೇಟಿನ ಹೊರಗೆ ಯಾರೂ ಗ್ರೈಂಡರ್ ಇಡುವುದಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಕಾರು ಹತ್ತಿದೆ.

ವಾಪಸು ಬರುವಾಗ ತೊಪ್ಪೂರಿನ ಇಳಿಜಾರಿನಲ್ಲಿ ಬ್ರೇಕು ಒತ್ತಿದಷ್ಟೂ ಬ್ಯಾಟರಿ ತಾನಾಗಿ ತುಂಬಿಕೊಳ್ಳುತ್ತಿತ್ತು. ಬೇರೆ ದಿನವಾಗಿದ್ದರೆ ಆ ವಿಜ್ಞಾನದ ಬಗ್ಗೆ ಸುಜಾತಳಿಗೆ ಒಂದು ಭಾಷಣ ಬಿಗಿಯುತ್ತಿದ್ದೆ.

ಮನೆ ಮುಟ್ಟುವಷ್ಟರಲ್ಲಿ ಅಕ್ಕನ ಫೋನು.

"ಸೇರ್ದ್ರಾ? ಚಾರ್ಜ್ ಸಾಕಾಯ್ತಾ?"

"ಮಿಕ್ಕೈತೆ ಅಕ್ಕ" ಎಂದೆ.

ನನ್ನ ಹೊಸ ಕಾರನ್ನು ನಾನು ಬಹಳ ಜನರ ಮುಂದೆ ಹೊಗಳಿದ್ದೇನೆ. ಇಷ್ಟು ಸಣ್ಣ ದನಿಯಲ್ಲಿ ಹೊಗಳಿದ್ದು ಅದೊಂದೇ ಸಲ.