ಓಟಿನ ಮೇಲೆ ಮುನಿಸಿಕೊಂಡ ಮನೆ

ನಾನು ಕೋಲಾರದ ಸರ್ಕಾರಿ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುವವಳು. ಕಳೆದ ಚುನಾವಣೆಗೆ ಮುಂಚೆ ನಮ್ಮ ಹೆಡ್‌ಮಾಸ್ಟರು ಕೆಲವು ಶಿಕ್ಷಕರನ್ನು ಕರೆದು, ಊರಿನಲ್ಲಿ ಓಟು ಕಡಿಮೆ ಬೀಳುವ ಬೀದಿಗಳಿಗೆ ಹೋಗಿ ಮನೆಮನೆಗೂ ಹೇಳಿ ಬರಬೇಕೆಂದರು. ನನ್ನ ಪಾಲಿಗೆ ಬಂದದ್ದು ನಾನೇ ಬಾಡಿಗೆಗಿದ್ದ ಬೀದಿ.

"ಎಲ್ಲಾ ಓದಿದೋರೇ ಇರೋ ಬೀದಿ ಮೇಡಂ. ಆದ್ರೂ ಬೂತ್ ಕಡೆ ತಲೆ ಹಾಕಲ್ಲ" ಎಂದು ಅವರು ನಕ್ಕರು. ನನಗೆ ಸ್ವಲ್ಪ ನಾಚಿಕೆಯಾಯಿತು.

ನಾನು ಹುಟ್ಟಿ ಬೆಳೆದದ್ದು ರಾಯಲ್ಪಾಡಿನಲ್ಲಿ. ಅಲ್ಲಿ ಓಟಿನ ದಿನ ಮನೆಯಲ್ಲಿ ಉಳಿಯುತ್ತಿದ್ದವರು ಬಾಣಂತಿಯರು ಮಾತ್ರ. ಅವರೂ ಬಿಸಿಲು ಇಳಿದ ಮೇಲೆ ಕಿವಿಗೆ ಬಟ್ಟೆ ಕಟ್ಟಿಕೊಂಡು ಬಂದುಬಿಡುತ್ತಿದ್ದರು. ನಮ್ಮ ಅಜ್ಜಿಗಂತೂ ಅವತ್ತು ಮಾವಿನ ತೋಪಿನ ಕೆಲಸಕ್ಕೂ ರಜೆ, ಬೈಗುಳಕ್ಕೂ ರಜೆ. ಕೋಲಾರದ ನಮ್ಮ ಬೀದಿಯಲ್ಲಿ ಅದೇ ದಿನ ಬೆಳಗ್ಗೆ ಕಾರುಗಳು ಒಂದೊಂದಾಗಿ ಹೊರಟುಹೋಗುತ್ತಿದ್ದವು.

ಒಬ್ಬಳೇ ಹೋಗಲು ಮುಜುಗರವಾಗಿ, ಬೀದಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಎದುರುಮನೆಯವರನ್ನು ಜೊತೆಗೆ ಕರೆದೆ. ಅವರು ಮುಳಬಾಗಿಲಿನ ಕಡೆಯವರು, ಬ್ಲೌಸ್ ಹೊಲಿಯುತ್ತಾರೆ. ಬೀದಿಯ ಹೆಂಗಸರೆಲ್ಲರ ಅಳತೆಯೂ ಅವರ ಹತ್ತಿರ ಇದ್ದುದರಿಂದ ಅವರಿಗೆ ಬಾಗಿಲು ತೆರೆಯದವರೇ ಇರಲಿಲ್ಲ.

ಮೊದಲು ಸಿಕ್ಕಿದ್ದು ವೇಮಗಲ್ಲಿನ ಫ್ಯಾಕ್ಟರಿಗೆ ಹೋಗುವ ಒಬ್ಬ ಹುಡುಗ. "ನನ್ ಓಟು ಶ್ರೀನಿವಾಸಪುರದ ಕಡೆ ಊರಲ್ಲೈತೆ ಅಕ್ಕ. ಅವತ್ತು ಬಸ್ಸೆಲ್ಲಾ ಎಲೆಕ್ಷನ್ ಡ್ಯೂಟಿಗೆ ಹೋಗಿರ್ತಾವೆ. ನೇತಾಡ್ಕೊಂಡು ಹೋದ್ರೂ ವಾಪಸ್ ಬರೋದ್ ಹೆಂಗೆ?" ಎಂದ.

"ಇಲ್ಲಿಗೆ ಬದಲಾಯಿಸ್ಕೊಳ್ಳೋದಲ್ವೇನೋ?" ಎಂದರು ಖಾಲಾ.

"ಇಲ್ಲಿ ಯಾರು ಯಾರೂಂತ ನಂಗೊತ್ತಿಲ್ಲ ಖಾಲಾ. ಅಲ್ಲಾದ್ರೆ ನಿಂತೋರ ಹೆಸರು ಹಿಡಿದು ಬೈಯಬೋದು."

ಮೂಲೆ ಮನೆಯವರು ಇನ್ನೂ ನೇರವಾಗಿ ಹೇಳಿದರು. "ರಜೆ ಕೊಟ್ಟಿರೋದು ಯಾಕೆ ಟೀಚರ್? ಬೆಟ್ಟಕ್ಕೆ ಹೋಗೋಣಾಂತ ಮಕ್ಕಳಿಗೆ ಆಗ್ಲೇ ಮಾತು ಕೊಟ್ಟಾಗಿದೆ." ಮಾತು ಮುಗಿಸಿ ನಮ್ಮಿಬ್ಬರಿಗೂ ಒಳ್ಳೆಯ ಕಾಫಿ ಕೊಟ್ಟರು.

ಕೊನೆಗೆ ಉಳಿದದ್ದು ನಾನು ಇರುವ ಮನೆಯೇ. ನಾನು ಮಹಡಿಯ ಮೇಲೆ, ಕೆಳಗೆ ಮನೆಯ ಯಜಮಾನರು ಮತ್ತು ಅವರ ಹೆಂಡತಿ. ಯಜಮಾನರು ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ಬೆಳಗಿನ ವಾಕಿಂಗಿನಲ್ಲಿ ಅವರಿಗೆ ಸಿಕ್ಕವರು ರಾಜಕೀಯ ಕೇಳಿಸಿಕೊಳ್ಳದೆ ತಪ್ಪಿಸಿಕೊಂಡದ್ದಿಲ್ಲ. ಯಾವ ಪಕ್ಷ ಎಲ್ಲಿ ಎಡವಿತು, ಯಾರು ಯಾರ ಕಾಲೆಳೆದರು, ಎಲ್ಲ ಅವರಿಗೆ ಗೊತ್ತು. ಆದರೆ ಓಟಿನ ಮಾತೆತ್ತಿದ ಕೂಡಲೇ ಪೇಪರು ಮುಖಕ್ಕೆ ಹಿಡಿದರು.

"ಬೇರೆ ಏನಾದ್ರೂ ಮಾತಾಡಮ್ಮ."

"ಯಾಕೆ ಸಾರ್?"

ಉತ್ತರ ಬಂದದ್ದು ಅಡುಗೆಮನೆಯಿಂದ. ಅವರ ಹೆಂಡತಿ ಮಾಲೂರಿನ ಮಾಸ್ತಿ ಕಡೆಯವರು, ಮೆಲುಮಾತಿನವರು. ಕೈಯಲ್ಲಿ ಅವರೆಕಾಯಿ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದರು.

"ಅವರು ಹೇಳಲ್ಲ ಕಣಮ್ಮ, ನಾನ್ ಹೇಳ್ತೀನಿ. ಇವರು ಇನ್ನೂ ಕೆಲಸದಲ್ಲಿದ್ದಾಗ ಒಂದ್ಸಲ ಇಸ್ತ್ರಿ ಶರ್ಟು ಹಾಕ್ಕೊಂಡು ಓಟಿಗೆ ಹೋದ್ರು. ಅಲ್ಲಿ ನೋಡಿದ್ರೆ ಇವರ ಓಟು ಆಗ್ಲೇ ಯಾರೋ ಹಾಕ್ಬಿಟ್ಟಿದ್ರಂತೆ. ಹಿಂದೆ ಇವರ ಬ್ಯಾಂಕಿನ ಕ್ಯಾಷಿಯರೇ ನಿಂತಿದ್ನಂತೆ. ಅವನು ತೆಲುಗಲ್ಲಿ, 'ಏಮಿ ಸಾರ್, ಮಳ್ಳೀ ವಚ್ಚಾರಾ?' ಅಂದನಂತೆ. ಇವರೇ ಎರಡನೇ ಓಟು ಹಾಕೋಕೆ ಮತ್ತೆ ಬಂದೋರ ಥರ! ಲೈನೆಲ್ಲಾ ನಕ್ತಂತೆ. ಅವತ್ತೇ ಕೊನೆ."

ಖಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೂ ನಗು ತಡೆಯಲು ಕಷ್ಟವಾಯಿತು. ಯಜಮಾನರು ಮಾತ್ರ ಗಂಭೀರವಾಗಿ, "ಜನ ನಕ್ಕಿದ್ದು ನಿಮಗೆ ತಮಾಷೆ. ಮಾರನೇ ದಿನ ಆ ಕ್ಯಾಷಿಯರ್ ಮುಖ ನೋಡ್ಬೇಕಾಗಿದ್ದು ನಾನು" ಎಂದರು. ಹಾಗೆ ಆದವರಿಗೆ ಬೇರೆ ಚೀಟಿ ಕೊಟ್ಟು ಓಟು ಹಾಕಿಸುವ ನಿಯಮವಿದೆ ಎಂದು ನಾನು ಹೇಳಿದೆ. "ಅವತ್ತು ಯಾರೂ ಹೇಳ್ಲಿಲ್ವಲ್ಲ" ಎಂದು ಪೇಪರಿನ ಪುಟ ತಿರುವಿದರು.

"ಮತ್ತೆ ನೀವಮ್ಮ?" ಎಂದು ಅವರ ಹೆಂಡತಿಯನ್ನು ಕೇಳಿದೆ.

"ಇವರು ಹೋಗಲ್ಲ, ಹಂಗಾಗಿ ನಾನೂ ಹೋಗಲ್ಲ" ಎಂದರು. ಹಾಗೆಂದವರು ಅಲ್ಲೇ ನಿಂತರು. ಆ ಮಾತು ಅವರ ಕಿವಿಗೇ ವಿಚಿತ್ರವಾಗಿ ಕೇಳಿಸಿರಬೇಕು. "ಅಲ್ಲಾರೀ, ಕಳೆದುಹೋಗಿದ್ದು ನಿಮ್ಮ ಓಟು. ನನ್ನದು ಏನ್ ತಪ್ಪು ಮಾಡಿತ್ತು?" ಎಂದು ಗಂಡನ ಕಡೆ ತಿರುಗಿದರು. ಪೇಪರು ಇನ್ನೂ ಸ್ವಲ್ಪ ಮೇಲಕ್ಕೇರಿತು. "ಈ ಸಲ ನಾನು ಈ ಟೀಚರಮ್ಮನ ಜೊತೆ ಹೋಗ್ತೀನಿ."

ಓಟಿನ ದಿನ ಅವರು ತಿಳಿಹಸಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಗೇಟಿನ ಹತ್ತಿರ ಕಾಯುತ್ತಿದ್ದರು. ಖಾಲಾನೂ ಸೇರಿ ಮೂವರೂ ನಡೆದುಕೊಂಡು ಹೋದೆವು. ಬೂತ್ ಇದ್ದ ಶಾಲೆಯಲ್ಲಿ ಹೆಂಗಸರ ಸಾಲು ಬೇವಿನ ಮರದವರೆಗೂ ಇತ್ತು. ಖಾಲಾ ನಿಂತಲ್ಲೇ ಇಬ್ಬರಿಂದ ಬ್ಲೌಸಿನ ಆರ್ಡರು ಹಿಡಿದರು. ಸಾಲು ಅರ್ಧ ಸವೆದಾಗ ಯಜಮಾನಿ ಪರ್ಸು ತೆರೆದು ನೋಡಿ ಬೆಪ್ಪಾದರು. ಗುರುತಿನ ಚೀಟಿ ಮರೆತುಹೋಗದಿರಲಿ ಎಂದು ದೇವರ ಮುಂದೆ ಇಟ್ಟಿದ್ದರಂತೆ. ಅಲ್ಲೇ ಮರೆತು ಬಂದಿದ್ದರು.

ನನ್ನ ಫೋನಿನಿಂದ ಮನೆಗೆ ಕರೆ ಮಾಡಿಸಿದೆ. ಸ್ವಲ್ಪ ಹೊತ್ತಿಗೆ ಯಜಮಾನರು ಸ್ಕೂಟರು ನಿಲ್ಲಿಸಿ, ಹುಬ್ಬು ಗಂಟಿಕ್ಕಿಕೊಂಡು ಬಂದು ಚೀಟಿ ಕೊಟ್ಟರು. ಕೊಟ್ಟವರು ವಾಪಸ್ ಹೊರಡಲಿಲ್ಲ. ಗಂಡಸರು ಒಳಗೆ ಹೋಗುವ ಬಾಗಿಲನ್ನೇ ನೋಡುತ್ತ ನಿಂತರು.

"ಅರೆ ಭಾಯ್‌ಸಾಬ್, ಆ ಕಡೆ ಲೈನೇ ಇಲ್ಲ ನೋಡಿ. ಹೋಗ್ಬಾರ್ದಾ?" ಎಂದರು ಖಾಲಾ.

"ನನ್ನ ಕಾರ್ಡು..." ಎಂದು ಅವರು ಶರ್ಟಿನ ಜೇಬು ಮುಟ್ಟಿಕೊಂಡರು. ಅದು ಅಲ್ಲೇ ಇತ್ತು. ಹೆಂಡತಿಯ ಚೀಟಿ ಹುಡುಕುವಾಗ ಜೊತೆಯಲ್ಲೇ ಸಿಕ್ಕಿತು, ಎತ್ತಿಕೊಂಡು ಬಂದೆ, ಅಷ್ಟೇ ಎಂದು ಆಮೇಲೆ ನಮಗೆ ಹೇಳಿದರು. ನಾವು ಕೇಳಿರಲಿಲ್ಲ.

ಬಾಗಿಲಲ್ಲೇ ಹಿಂಜರಿದು ನಿಂತಿದ್ದವರು, ನಾವು ಒಳಗೆ ಹೋಗುವ ಹೊತ್ತಿಗೆ ಮೇಜಿನ ಮುಂದಿದ್ದರು. ಚೀಟಿ ಕೊಡುವ ಮುಂಚೆಯೇ, "ನನ್ನದು ಇನ್ನೂ ಇದೆಯಾ ನೋಡಮ್ಮ" ಎಂದು ಗಟ್ಟಿಯಾಗಿ ಕೇಳಿದರು. ಮೇಜಿನ ಹಿಂದಿದ್ದ ಹುಡುಗಿಗೆ ಹಳೆಯ ಕತೆ ಏನು ಗೊತ್ತು? "ಇದೆ ಸಾರ್, ಯಾರಿಗೂ ಕೊಟ್ಟಿಲ್ಲ" ಎಂದಳು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನನಗೆ ಒಂದು ಕ್ಷಣ ಭಯವಾಯಿತು. ಆದರೆ ಯಜಮಾನರೂ ನಗುತ್ತಿದ್ದರು.

ಅವರ ಹೆಂಡತಿ ಯಂತ್ರದ ಮರೆಯಿಂದ ಹೊರಬಂದಾಗ ಮುಖದಲ್ಲಿ ಒಂಥರಾ ಅಚ್ಚರಿ. "ಕೀಂಯ್ ಅಂತು. ಅಷ್ಟೇನಾ? ಇಷ್ಟಕ್ಕೇ ಇವರು ಇಷ್ಟು ವರ್ಷ ಮುನಿಸ್ಕೊಂಡಿದ್ದಾ?" ಎಂದರು.

ಮೂಲೆ ಮನೆಯವರು ಮಧ್ಯಾಹ್ನಕ್ಕೇ ವಾಪಸಾದರು. ಓಟಿನ ದಿನವೆಂದು ಬೆಟ್ಟದ ಗೇಟು ಮುಚ್ಚಿದ್ದರಂತೆ. ಇನ್ನೂ ಟೈಮಿದೆ, ಹೋಗಿ ಎಂದೆ. ಬಿಸಿಲಲ್ಲಿ ಸುಸ್ತಾಗಿದೆ ಎಂದು ಬಿರಿಯಾನಿ ತರಿಸಿ ತಿಂದು ಮಲಗಿದರು. ಎಲ್ಲರನ್ನೂ ಬದಲಾಯಿಸುವ ಆಸೆ ನನಗಿರಲಿಲ್ಲ, ಹಾಗಾಗಿ ಬೇಸರವೂ ಆಗಲಿಲ್ಲ.

ಅದಕ್ಕೂ ಮುಂಚೆ, ಬೂತಿನಿಂದ ಹೊರಟಾಗ ಯಜಮಾನರು ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಲು ಕರೆದರು. "ನೀವು ಹೋಗಿ, ನಾನು ನಡ್ಕೊಂಡು ಬರ್ತೀನಿ" ಎಂದು ಅವರು ನಮ್ಮ ಜೊತೆಯಲ್ಲೇ ಉಳಿದರು. ಯಜಮಾನರು ಮುಂದೆ ಹೋಗದೆ ನಮ್ಮ ಪಕ್ಕದಲ್ಲೇ ಮೆಲ್ಲಗೆ ಗಾಡಿ ಓಡಿಸುತ್ತ, ಯಾರು ಗೆಲ್ಲುತ್ತಾರೆ, ಯಾಕೆ ಗೆಲ್ಲುತ್ತಾರೆ ಎಂದು ವಿವರಿಸಿದರು. ಕೊನೆಗೆ, "ಅದಿರ್ಲಿ, ನೀನು ಯಾರಿಗೆ ಹಾಕಿದೆ?" ಎಂದು ಹೆಂಡತಿಯನ್ನು ಕೇಳಿದರು.

"ಅದು ಗುಟ್ಟು ಕಣ್ರೀ" ಎಂದರು ಆಕೆ.

ಯಜಮಾನರು ಊಟಕ್ಕೆ ಕೂತಾಗಲೂ ಕೇಳಿದರಂತೆ. ಫಲಿತಾಂಶ ಬಂದ ದಿನವೂ ಕೇಳಿದರಂತೆ. ಆಕೆ ಇವತ್ತಿಗೂ ಬಾಯಿ ಬಿಟ್ಟಿಲ್ಲ.