ಎಡಕ್ಕೆ ತಿರುಗಿ ನಿಂತ ಕತ್ತು

ವಿಜಯನಗರದ ಪಿಯು ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರದ ಮೇಷ್ಟ್ರು. ಮಕ್ಕಳು ಮುಂದೇನು ಓದಬೇಕೆಂದು ಸಲಹೆ ಕೊಡುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದರು. ಕೆಲಸ ಹಂಚಿದ ದಿನ ನಾನು ರಜೆಯಲ್ಲಿದ್ದುದೇ ನನ್ನ ಅರ್ಹತೆ.

ಕಳೆದ ವರ್ಷ ಒಂದು ಬೆಳಿಗ್ಗೆ ಏಳುವಾಗ ಕತ್ತು ಹಿಡಿದುಕೊಂಡಿತು. ಮುಖ ಎಡಕ್ಕೆ ತಿರುಗಿದ್ದು ಅಲ್ಲೇ ನಿಂತುಬಿಟ್ಟಿತು. ಹೆಂಡತಿ ಮುಲಾಮು ತಿಕ್ಕಿ, "ರಜಾ ಹಾಕ್ರೀ" ಅಂದಳು. ಹಿಂದೊಮ್ಮೆ ರಜೆ ಹಾಕಿ ಅನುಭವಿಸಿದ್ದು ಸಾಲದೇ ಎಂದು ಸಿಡುಕಿ ಹೊರಟೆ.

ಅಂದೇ ಗೋವಿಂದರಾಜನಗರದ ಹಾರ್ಡ್‌ವೇರ್ ಅಂಗಡಿಯವರೊಬ್ಬರು ಮಗಳನ್ನು ಕರೆದುಕೊಂಡು ಬರಬೇಕೆ! ಹುಡುಗಿಗೆ ಕಾನೂನಿಗೂ ಸೀಟು ಸಿಕ್ಕಿತ್ತು, ಪಶುವೈದ್ಯಕೀಯಕ್ಕೂ ಸಿಕ್ಕಿತ್ತು. ಸಂಜೆಯೊಳಗೆ ಒಂದನ್ನು ಬಿಡಬೇಕು. ಅಪ್ಪ ನನ್ನ ಎಡಕ್ಕೆ ಕೂತರು, ಅವಳು ಬಲಕ್ಕೆ. ನನ್ನ ಗ್ರಹಚಾರ.

"ನೀವು ಹೇಳಿದ್ದೇ ಫೈನಲ್ ಸಾರ್. ಲಾ ಓದ್ಲಿ. ನಮ್ ಮೇಲ್ಗಡೆ ಮನೆ ಬಾಡಿಗೆಯವ್ನು ಏನ್ ಮಾಡಿದ್ರೂ ಖಾಲಿ ಮಾಡ್ತಿಲ್ಲ. ಇವ್ಳು ಲಾಯರ್ ಆದ್ರೆ ಎಬ್ಬಿಸ್ತಾಳೆ."

ಅದಕ್ಕೆ ಐದು ವರ್ಷ ಕಾಯುತ್ತೀರಾ ಎಂದು ಕೇಳಲು ಹೋದೆ. ಕತ್ತು ಚಳುಕ್ ಎಂದು ಇಡೀ ಮೈ ಮುಂದಕ್ಕೆ ಬಾಗಿತು. ಅವರು ಅದನ್ನು ಒಪ್ಪಿಗೆ ಎಂದುಕೊಂಡು ಕೈಮುಗಿದರು.

ಬಲಗಡೆಯಿಂದ ಸಣ್ಣ ದನಿ ಬಂತು. "ಸಾರ್, ನಂಗೆ..."

"ಹೇಳಮ್ಮ" ಎಂದೆ, ಅಪ್ಪನ ಮೀಸೆಯನ್ನೇ ನೋಡುತ್ತಾ. ಅವರು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಸುಧಾರಿಸಿಕೊಂಡು, "ಹಸು ಡಾಕ್ಟ್ರಾಗ್ತಾಳಂತೆ. ಈ ವಿಜಯನಗರದಲ್ಲಿ ಹಸು ಎಲ್ಲಿದೆ ಹೇಳಿ ಸಾರ್?" ಎಂದರು.

ಅವರ ಬೆನ್ನ ಹಿಂದಿನ ಕಿಟಕಿಯಾಚೆ ಹಸುವೊಂದು ನಮ್ಮ ಕಾಲೇಜಿನ ಅಡ್ಮಿಷನ್ ಬ್ಯಾನರನ್ನು ನೆಮ್ಮದಿಯಾಗಿ ಅಗಿಯುತ್ತಿತ್ತು. ಅದು ಕಾಣುತ್ತಿದ್ದುದು ನನಗೊಬ್ಬನಿಗೇ.

ಅಷ್ಟರಲ್ಲಿ ಕರ್ರೆಂದು ಸದ್ದಾಯಿತು. ಹುಡುಗಿ ಕುರ್ಚಿ ಎಳೆದುಕೊಂಡು ಸುತ್ತಿ ಬಂದು, ಅಪ್ಪನಿಗೂ ನನಗೂ ನಡುವೆ ಹಾಕಿ ಕೂತಳು. ಕಣ್ಣು ಕೆಂಪಾಗಿತ್ತು.

"ಸಾರ್, ಅರ್ಧ ಗಂಟೆಯಿಂದ ನೀವು ನನ್ ಮುಖಾನೇ ನೋಡಿಲ್ಲ. ನಂಗೆ ಪ್ರಾಣಿ ಡಾಕ್ಟ್ರೇ ಆಗ್ಬೇಕು."

ನಾಚಿಕೆಯಾಯಿತು. "ಕತ್ತು ಹಿಡ್ಕೊಂಡಿದೆ ಕಣಮ್ಮ, ಆ ಕಡೆ ತಿರುಗೋಲ್ಲ" ಎಂದೆ.

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ ಸಾರ್!" ಅಪ್ಪ ಅವಳ ಭುಜದ ಮೇಲಿನಿಂದ ಇಣುಕಿದರು. "ನಾನು ಹೇಳಿದ್ದಕ್ಕೆಲ್ಲಾ ಒಪ್ತಾ ಇದೀರಾ ಅನ್ಕೊಂಡೆ."

ಹುಡುಗಿ ಅವರ ಕಡೆ ತಿರುಗಿದಳು. "ಸಾರ್‌ಗೆ ಕತ್ತು ಹಿಡ್ಕೊಂಡಿತ್ತು. ನಿಮ್ಗೇನಾಗಿತ್ತಪ್ಪ?"

ಅವರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಕುರ್ಚಿಯನ್ನು ಮಗಳ ಎದುರಿಗೆ ಸರಿಸಿಕೊಂಡು, ಮೆಲ್ಲಗೆ ಕೇಳಿದರು:

"ಹಸುಗೂ ಹಿಂಗೆ ಕತ್ತು ಹಿಡ್ಕೊಳ್ಳುತ್ತೇನಮ್ಮ?"